ಎಷ್ಟು ಸಿಹಿ? ಬ್ರಿಕ್ಸ್ ಮೀಟರಿನ ಜೊತೆ ಎರಡು ಹಂಗಾಮು

ಉಪಸಂಪಾದಕಿಯೊಬ್ಬರು ನನ್ನ ಲೇಖನದ ಅಂಚಿನಲ್ಲಿ ಬರೆದ ಎರಡು ಪದಗಳ ದೆಸೆಯಿಂದ ಈ ಉಪಕರಣ ಮನೆಗೆ ಬಂತು. ಕಲ್ಲಂಗಡಿ ಬೆಳೆಯುವವರೊಬ್ಬರ ಬಗ್ಗೆ ಬರೆದಿದ್ದೆ. ಮಣ್ಣು, ನೀರು, ಬೀಜ ಎಲ್ಲದಕ್ಕೂ ಲೆಕ್ಕ ಕೊಟ್ಟು, ಹಣ್ಣಿನ ಹತ್ತಿರ ಬಂದ ಕೂಡಲೇ ‘ಬಾಯಿಗಿಟ್ಟರೆ ಸಕ್ಕರೆ ಪಾಕ’ ಎಂದು ಮುಗಿಸಿ ಮುಂದೆ ಹೋಗಿದ್ದೆ. ಆಕೆ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದ್ದು: ‘ಎಷ್ಟು ಸಿಹಿ?’

ಮೊದಲು ಸಿಟ್ಟು ಬಂತು. ಆಮೇಲೆ ಹಳೆಯ ಕಡತ ತೆಗೆದು ನೋಡಿದೆ. ಏಳು ವರ್ಷದಿಂದ ಊಟ ಮತ್ತು ಬೇಸಾಯದ ಬಗ್ಗೆ ಬರೆದೇ ಹೊಟ್ಟೆ ಹೊರೆಯುತ್ತಿದ್ದೇನೆ. ಅಷ್ಟೂ ವರ್ಷ ನಾನು ತಿಂದ ಹಣ್ಣುಗಳೆಲ್ಲ ‘ಜೇನಿನಂತೆ’ ಇಲ್ಲವೇ ‘ಸಕ್ಕರೆಯಂತೆ’ ಇದ್ದವು. ಜೇನಿನ ಬಗ್ಗೆಯೇ ಬರೆಯಬೇಕಾಗಿ ಬಂದಾಗ ಪೇಚಿಗೆ ಸಿಕ್ಕು ‘ಅಮೃತದಂತೆ’ ಅಂದಿದ್ದೆ. ಅಮೃತ ಕುಡಿದವರು ಯಾರೂ ಪತ್ರ ಬರೆದು ಆಕ್ಷೇಪಿಸಲಿಲ್ಲ, ಅದೊಂದು ಸಮಾಧಾನ.

ಹಾಗೆ ಕೊಂಡದ್ದು ಕೈಯಲ್ಲಿ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್. ತೋಟದವರು ಬ್ರಿಕ್ಸ್ ಮೀಟರ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಟಾರ್ಚಿಗಿಂತ ತೆಳ್ಳಗಿನ ಲೋಹದ ಕೊಳವೆ. ಒಂದು ತುದಿಯಲ್ಲಿ ಓರೆಯಾಗಿ ಕೂರಿಸಿದ ಗಾಜಿನ ಪಟ್ಟಕ, ಅದರ ಮೇಲೆ ಬಾಗಿಲಿನಂತೆ ಮುಚ್ಚುವ ಪ್ಲಾಸ್ಟಿಕ್ ರೆಕ್ಕೆ. ಇನ್ನೊಂದು ತುದಿಯಲ್ಲಿ ಕಣ್ಣಿಡುವ ಜಾಗಕ್ಕೆ ರಬ್ಬರ್ ಬಳೆ. ಎರಡು ಮೂರು ಹನಿ ರಸ ಬಿಟ್ಟು, ರೆಕ್ಕೆ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ ಒಳಗೊಂದು ದುಂಡನೆಯ ಆಕಾಶ: ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಉತ್ತರ. ನನ್ನದರಲ್ಲಿ 0ಯಿಂದ 32ರವರೆಗೆ ಅಂಕಿ, 0.2ಕ್ಕೊಂದು ಗೀಟು. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ, ಅಪ್‌ಡೇಟ್ ಮಾಡಿ ಎಂದು ಪೀಡಿಸುವ ಪರದೆ ಇಲ್ಲ. ನನ್ನ ಚೀಲದಲ್ಲಿ ಇಂಥ ಇನ್ನೊಂದು ವಸ್ತು ಅಂದರೆ ಪೆನ್ಸಿಲ್ ಮಾತ್ರ.

ಬೆಲೆ, ಒಂದು ಮಧ್ಯಮ ಉದ್ದದ ಲೇಖನಕ್ಕೆ ಸಿಗುವ ಸಂಭಾವನೆಯಲ್ಲಿ ಅರ್ಧ. ಆ ಸಂಭಾವನೆ ಕೈಸೇರಿದ್ದು ಉಪಕರಣ ಬಂದು ಐದು ತಿಂಗಳಾದ ಮೇಲೆ ಅನ್ನುವುದು ಬೇರೆ ಮಾತು. ಪ್ರಕಟವಾದ ಮೇಲೆ ಹಣ, ಹಣ ಬರುವ ಮುಂಚೆ ಎರಡು ನೆನಪೋಲೆ: ಯಾರ ಸಂಬಳಪಟ್ಟಿಯಲ್ಲೂ ಇಲ್ಲದೆ ಬರೆಯುವವರ ಪಂಚಾಂಗವೇ ಹೀಗೆ. ಉಪಕರಣದ ಖರ್ಚನ್ನು ಯಾವ ಪತ್ರಿಕೆಯೂ ಕೊಡುವುದಿಲ್ಲ, ಕೇಳಿ ನೋಡಿದ್ದೇನೆ. ಅದರ ಮೇಲೆ ಪದಕ್ಕಿಷ್ಟು ಎಂದು ಲೆಕ್ಕ ಹಾಕುವ ಕಡೆ ಅಂಕಿ ಬರೆಯುವುದೇ ನಷ್ಟದ ಬಾಬತ್ತು. ‘ಬಾಯಿಗಿಟ್ಟರೆ ಸಕ್ಕರೆ ಪಾಕ’ ಮೂರು ಪದ. ‘11’ ಒಂದೇ.

ಬ್ರಿಕ್ಸ್ ಎಂಬ ಹೆಸರು ಜರ್ಮನಿಯ ಗಣಿತಜ್ಞ, ಎಂಜಿನಿಯರ್ ಅಡಾಲ್ಫ್ ಬ್ರಿಕ್ಸ್ (1798–1870) ಅವರದ್ದು. ಆತ ಈ ಕೊಳವೆ ಮಾಡಿದವರಲ್ಲ. ದ್ರವದಲ್ಲಿ ತೇಲಿಬಿಟ್ಟ ಗಾಜಿನ ಬುರುಡೆ ಎಷ್ಟು ಮುಳುಗುತ್ತದೆ ಎಂದು ನೋಡಿ ಸಕ್ಕರೆಯ ಪ್ರಮಾಣ ಹೇಳುವ ಕೋಷ್ಟಕವೊಂದನ್ನು ಕಾರ್ಲ್ ಬಾಲಿಂಗ್ ಎಂಬ ರಸಾಯನಶಾಸ್ತ್ರಜ್ಞ ಮೊದಲೇ ಮಾಡಿಟ್ಟಿದ್ದರು. ಬ್ರಿಕ್ಸ್ ಅದನ್ನು ತಿದ್ದಿ ನಿಖರಗೊಳಿಸಿದರು. ಒಂದು ಡಿಗ್ರಿ ಬ್ರಿಕ್ಸ್ ಅಂದರೆ 100 ಗ್ರಾಂ ದ್ರಾವಣದಲ್ಲಿ 1 ಗ್ರಾಂ ಸಕ್ಕರೆ. ಬೆಳಕು ಬಾಗುವುದನ್ನು ನೋಡಿ ಅದನ್ನೇ ಹೇಳುವ ಯಂತ್ರ 1869ರ ಹೊತ್ತಿಗೆ ಜರ್ಮನಿಯ ಯೆನಾ ಪಟ್ಟಣದಲ್ಲಿ ಭೌತಶಾಸ್ತ್ರಜ್ಞ ಅರ್ನ್ಸ್ಟ್ ಅಬ್ಬೆಯ ಕೈಯಲ್ಲಿ ರೂಪುಗೊಂಡಿತು. ಬರೀ ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಂಕಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.333, ನೂರಕ್ಕೆ 20 ಪಾಲು ಸಕ್ಕರೆ ಕರಗಿದರೆ 1.364. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣಿಗೆ ಕಾಣುವ ಗೆರೆಯಾಗಿ ಮಾಡಿಕೊಡುವುದರಲ್ಲೇ ಕೊಳವೆಯ ಜಾಣತನವಿದೆ.

ಇನ್ನು ಬಳಕೆ. ಡಬ್ಬಿಯಲ್ಲಿ ಒಂದು ಪಿಪೆಟ್ಟು, ಪುಟ್ಟ ತಿರುಗುಳಿ, ಒರೆಸುವ ಬಟ್ಟೆ ಇರುತ್ತವೆ. ಮೊದಲು ಬಟ್ಟಿ ಇಳಿಸಿದ ನೀರು ಬಿಟ್ಟು ಗೆರೆ ಸೊನ್ನೆಯ ಮೇಲಿದೆಯೇ ನೋಡಬೇಕು. ಇಲ್ಲದಿದ್ದರೆ ರಬ್ಬರ್ ಮುಚ್ಚಳದ ಕೆಳಗಿನ ತಿರುಪು ತಿರುಗಿಸಿ ಸೊನ್ನೆಗೆ ತರಬೇಕು. ವಾಹನದ ಬ್ಯಾಟರಿಗೆ ಹಾಕುವ ನೀರು ಇದಕ್ಕೆ ಸಾಕು. ನಲ್ಲಿ ನೀರಿನಿಂದ ಅಂಕಿಯಲ್ಲಿ ದೊಡ್ಡ ಅನಾಹುತವೇನೂ ಆಗುವುದಿಲ್ಲ, ಆದರೆ ಒಣಗಿದ ಮೇಲೆ ಪಟ್ಟಕದ ಮೇಲೆ ಬಿಳಿ ಕಲೆ ಕೂರುತ್ತದೆ. ಕಲೆ ಹೋಗಲಿ ಎಂದು ಅಂಗಿಯ ಚುಂಗಿನಿಂದ ಉಜ್ಜಿದೆ. ಅಂಗಿಗೆ ಹೊಲದ ಧೂಳು ಮೆತ್ತಿತ್ತು. ಪಟ್ಟಕದ ಮೇಲೆ ಈಗ ಕೂದಲೆಳೆಯಂಥ ಗೀರು ಉಳಿದುಕೊಂಡಿದೆ, ಕಣ್ಣಿಟ್ಟಾಗಲೆಲ್ಲ ಅದೇ ಮೊದಲು ಕಾಣುತ್ತದೆ.

ಬಿಸಿಲಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಡಬ್ಬಿಯ ಮೇಲಿನ ‘ಎಟಿಸಿ’ (ತಾಪಕ್ಕೆ ತಕ್ಕಂತೆ ಅಂಕಿಯನ್ನು ತಾನಾಗಿ ಹೊಂದಿಸಿಕೊಳ್ಳುವ ಏರ್ಪಾಡು) ಎಂಬ ಮೂರಕ್ಷರ ನೋಡಿ ನಾನೂ ಮೋಸ ಹೋದೆ. ದ್ರವ ಬಿಸಿಯಾದರೆ ಬೆಳಕು ಕಡಿಮೆ ಬಾಗುತ್ತದೆ. 30 ಡಿಗ್ರಿಯಲ್ಲಿ ಬ್ರಿಕ್ಸ್ ಮುಕ್ಕಾಲು ಡಿಗ್ರಿಯಷ್ಟು ಕಡಿಮೆ ತೋರಿಸಬಹುದು. ಇದನ್ನು ತಾನಾಗಿಯೇ ಸರಿಮಾಡಿಕೊಳ್ಳುವ, ಎರಡು ಲೋಹ ಬೆಸೆದು ಮಾಡಿದ ಪಟ್ಟಿ ಕೊಳವೆಯೊಳಗಿದೆ. ಆದರೆ ಅದರ ಜವಾಬ್ದಾರಿ ಸಾಮಾನ್ಯವಾಗಿ 10ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಅಷ್ಟೇ. ಮಧ್ಯಾಹ್ನದ ಹೊಲದಲ್ಲಿ ಕಲ್ಲಿನ ಮೇಲೆ ಇಟ್ಟು ಮರೆತ ಕೊಳವೆ ಆ ಗಡಿಯನ್ನು ಎಂದೋ ದಾಟಿರುತ್ತದೆ. ಈಗ ಅದನ್ನು ಚೀಲದ ನಡುವೆ, ಟಿಪ್ಪಣಿ ಪುಸ್ತಕಕ್ಕೂ ನೀರಿನ ಬಾಟಲಿಗೂ ಮಧ್ಯೆ ಇಡುತ್ತೇನೆ. ಮರದ ನೆರಳಿಗೆ ಹೋಗಿ ಸೊನ್ನೆ ನೋಡಿಕೊಳ್ಳುತ್ತೇನೆ. ರಸ ಬಿಟ್ಟ ಮೇಲೆ ಅರ್ಧ ನಿಮಿಷ ಕಾಯುತ್ತೇನೆ. ಆ ಅರ್ಧ ನಿಮಿಷದಲ್ಲಿ ತೋಟದವರು ಏನಾದರೂ ಹೇಳಿಯೇ ಹೇಳುತ್ತಾರೆ. ಸಂದರ್ಶನದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುವ ನನ್ನ ಚಟಕ್ಕೆ ಇದೊಂದು ಒಳ್ಳೆಯ ಮೂಗುದಾರವಾಯಿತು.

ಒಂದು ಸಂಜೆ ದಣಿದು ಬಂದು ಕೊಳವೆ ತೊಳೆಯದೆ ಚೀಲದಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ಚೀಲದ ತುಂಬ ಇರುವೆ. ರೆಕ್ಕೆಯ ಸಂದಿಯಲ್ಲಿ, ರಬ್ಬರ್ ಬಳೆಯ ಒಳಗೆ, ಧ್ವನಿಮುದ್ರಕದ ಜಾಲರಿಯಲ್ಲಿ ಕೂಡ. ಅವತ್ತು ಮುದ್ರಿಸಿಕೊಂಡ ಸಂದರ್ಶನದ ಹಿನ್ನೆಲೆಯಲ್ಲಿ ಏನೋ ಚುರುಚುರು ಸದ್ದು ಕೇಳಿದಂತಾಗುತ್ತದೆ, ಭ್ರಮೆಯೇ ಇರಬೇಕು. ಆವತ್ತಿನಿಂದ ಉಪಯೋಗಿಸಿದ ಕೂಡಲೇ ನೀರು ಬಿಟ್ಟು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತೇನೆ. ಕೊಳವೆಯನ್ನು ಪೂರ್ತಿ ನೀರಿನಲ್ಲಿ ಅದ್ದಬೇಡಿ; ಒಳಗೆ ತೇವ ಹೊಕ್ಕರೆ ಮಂಜು ಕಟ್ಟುತ್ತದೆ.

ಅಂಕಿ ಓದುವುದು ಸುಲಭ, ಅದು ಏನು ಹೇಳುತ್ತಿಲ್ಲ ಎಂದು ತಿಳಿಯಲು ನನಗೆ ಒಂದು ಹಂಗಾಮು ಹಿಡಿಯಿತು. ಕೊಂಡವರು ಮೊದಲ ದಿನವೇ ನಿಂಬೆ ರಸ ಬಿಟ್ಟು ನೋಡಲಿ. 7 ಅಥವಾ 8ರ ಆಸುಪಾಸು ತೋರಿಸುತ್ತದೆ. ಸಪ್ಪೆ ಕಲ್ಲಂಗಡಿಯೂ ಅಷ್ಟೇ ತೋರಿಸುತ್ತದೆ. ನಿಂಬೆಯಲ್ಲಿ ಕರಗಿರುವುದರಲ್ಲಿ ಹೆಚ್ಚಿನ ಪಾಲು ಸಿಟ್ರಿಕ್ ಆಮ್ಲ. ಬೆಳಕಿಗೆ ಅದು ಹುಳಿಯೋ ಸಿಹಿಯೋ ಗೊತ್ತಿಲ್ಲ. ಉಪ್ಪು ನೀರು ಬಿಟ್ಟರೂ ಗೆರೆ ಏರುತ್ತದೆ. ಕೊಳವೆ ಅಳೆಯುವುದು ಕರಗಿದ ಘನಾಂಶವನ್ನು. ಮಾಗಿದ ಹಣ್ಣಿನಲ್ಲಿ ಅದರ ಬಹುಪಾಲು ಸಕ್ಕರೆಯಾಗಿರುವುದರಿಂದ ನಾವು ಅದನ್ನು ಸಿಹಿ ಅಂದುಕೊಳ್ಳುತ್ತೇವೆ. ನಾಲಿಗೆಗೆ ಸಿಹಿ ಅನ್ನಿಸುವುದರಲ್ಲಿ ಹುಳಿಗೂ ಪಾಲಿದೆ, ಅದಕ್ಕೇ ಹಣ್ಣಿನ ರಸದ ಉದ್ಯಮದವರು ಬ್ರಿಕ್ಸ್ ಮತ್ತು ಆಮ್ಲದ ಅನುಪಾತ ನೋಡುತ್ತಾರೆ. ಹುಳಿಯೇರಲು, ಅಂದರೆ ಹುದುಗಲು ಶುರುವಾದ ರಸಕ್ಕಂತೂ ಈ ಅಂಕಿಯನ್ನು ನಂಬಲೇಬಾರದು. ಆಲ್ಕೋಹಾಲು ಸೇರಿದರೆ ಗೆರೆ ಬೇರೆಯೇ ಕಥೆ ಹೇಳುತ್ತದೆ.

ನಾನು ಮುಗ್ಗರಿಸಿದ್ದು ಇಷ್ಟೆಲ್ಲ ತಿಳಿಯುವ ಮುಂಚೆ. ಹೊಸ ಕೊಳವೆಯ ಹುರುಪಿನಲ್ಲಿ ಅದೇ ಕಲ್ಲಂಗಡಿ ಬೆಳೆಗಾರರ ಹೊಲಕ್ಕೆ ಮತ್ತೆ ಹೋಗಿ, ಒಂದು ಹಣ್ಣು ಒಡೆದು, ನಟ್ಟನಡುವಿನ ತಿರುಳು ಹಿಂಡಿ ನೋಡಿದೆ. 11. ‘ಈ ಹೊಲದ ಹಣ್ಣಿನ ಸಿಹಿ 11 ಡಿಗ್ರಿ ಬ್ರಿಕ್ಸ್’ ಎಂದು ಬರೆದೆ. ಅಮೆರಿಕದ ಕೃಷಿ ಇಲಾಖೆಯ ಕಲ್ಲಂಗಡಿ ದರ್ಜೆಯಲ್ಲಿ 8 ಇದ್ದರೆ ಒಳ್ಳೆಯದು, 10 ಇದ್ದರೆ ಬಹಳ ಒಳ್ಳೆಯದು ಎಂಬ ವಿವರವನ್ನೂ ಸೇರಿಸಿದೆ. ಉಪಸಂಪಾದಕಿ ಖುಷಿಯಾದರು, ಲೇಖನ ಅಚ್ಚಾಯಿತು. ಬೆಳೆಗಾರರು ಓದಿ ಫೋನ್ ಮಾಡಿದರು. ಬೈಯಲಿಲ್ಲ. ‘ಸಾರ್, ಸಿಪ್ಪೆ ಹತ್ತಿರದ್ದೂ ನೋಡಿದ್ರಾ?’ ಅಂದರು. ಹೋಗಿ ನೋಡಿದೆ. ಸಿಪ್ಪೆಯ ಕಡೆ 7.5. ಪಕ್ಕದ ಸಾಲಿನ ಹಣ್ಣಿನ ನಡುವೆ 9. ‘11 ಅಂತ ಓದ್ಕೊಂಡು ಬಂದವ್ರು ಹಣ್ಣು ತಿಂದು ನನ್ನ ಮುಖ ನೋಡ್ತಾರೆ’ ಎಂದರು. ತಿದ್ದುಪಡಿ ಹಾಕಿ ಎಂದು ನಾನೇ ಪತ್ರಿಕೆಗೆ ಬರೆದೆ. ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸುವ ಕೆಲಸಕ್ಕೆ ಸಂಭಾವನೆ ಇಲ್ಲ.

ಈಗ ಹತ್ತು ಹಣ್ಣಿಗಿಂತ ಕಡಿಮೆ ನೋಡಿ ಬರೆಯುವುದಿಲ್ಲ. ಯಾವ ಭಾಗ, ದಿನದ ಯಾವ ಹೊತ್ತು, ಕೊನೆಯ ನೀರು ಬಿಟ್ಟು ಎಷ್ಟು ದಿನ, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಇದಕ್ಕೆ ಅರ್ಧ ದಿನ ಬೇಕು. ಲೇಖನದಲ್ಲಿ ಅದು ಒಂದು ಸಾಲಾಗಿ ಬರುತ್ತದೆ, ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದೂ ಆ ಸಾಲಿಗೇ. ಆದರೆ ಅಳೆಯುವ ನೆಪದಲ್ಲಿ ನಾನು ಕೇಳುವ ಪ್ರಶ್ನೆಗಳು ಬದಲಾದವು. ಕಬ್ಬಿನವರ ಹತ್ತಿರ ಮುಂಚೆ ‘ಇಳುವರಿ ಹೇಗಿದೆ’ ಎಂದು ಕೇಳಿ ಪುಟ ತುಂಬಿಸುತ್ತಿದ್ದೆ. ಈಗ ಬುಡದ ಗೆಣ್ಣಿನದೂ ತುದಿಯ ಗೆಣ್ಣಿನದೂ ರಸ ಬೇರೆಬೇರೆ ನೋಡುತ್ತೇನೆ. ಎಳೆಯ ಕಬ್ಬಿನಲ್ಲಿ ಬುಡ ಸಿಹಿ, ತುದಿ ಸಪ್ಪೆ. ಕಡಿಯುವ ಹದಕ್ಕೆ ಬಂದಂತೆ ಎರಡೂ ಸಮೀಪಿಸುತ್ತವೆ. ಹದ ಬಂದ ಕಬ್ಬನ್ನು ಯಾಕೆ ಇನ್ನೂ ಕಡಿದಿಲ್ಲ ಎಂದು ಕೇಳಿದರೆ ಆಳು, ಗಾಡಿ, ಕಾರ್ಖಾನೆಯ ಸರದಿ ಎಲ್ಲ ಹೊರಗೆ ಬರುತ್ತದೆ. ನನಗೆ ಬೇಕಾದ ಕಥೆ ಅಲ್ಲಿರುತ್ತದೆ.

ಕೊಳವೆ ಕೈಯಲ್ಲಿದ್ದರೆ ಬರುವ ಇನ್ನೊಂದು ಅಪಾಯ, ಜನ ನಿಮ್ಮನ್ನು ಪ್ರಯೋಗಾಲಯ ಅಂದುಕೊಳ್ಳುವುದು. ಒಂದು ಪುರವಣಿಯವರು ಜೇನಿನ ಕಲಬೆರಕೆ ಬಯಲು ಮಾಡಿ ಎಂದರು. ‘ನಿಮ್ಮ ಹತ್ತಿರ ಮೀಟರ್ ಇದೆಯಲ್ಲ!’ ಹಣ್ಣಿನ ಕೊಳವೆ ಜೇನಿಗೆ ನಡೆಯುವುದೇ ಇಲ್ಲ, ಗೆರೆ 32 ದಾಟಿ ಎಲ್ಲೋ ಹೊರಗೆ ಹೋಗಿರುತ್ತದೆ. ಜೇನಿನದ್ದು ಬೇರೆ, 58ರಿಂದ 90ರವರೆಗಿನದು. ಅದರಲ್ಲಿ ನೀರಿನಂಶದ ಅಂಕಿಯೂ ಇರುತ್ತದೆ. ಜೇನು ಸಾಕುವವರೊಬ್ಬರಿಂದ ಎರವಲು ತಂದೆ. ಜೇನಿನಲ್ಲಿ ನೀರು ನೂರಕ್ಕೆ 20 ದಾಟಬಾರದು ಎನ್ನುವುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಸಾಮಾನ್ಯ ಮಿತಿ, ಯಾಕೆಂದರೆ ನೀರು ಹೆಚ್ಚಾದರೆ ಜೇನು ಹುದುಗುತ್ತದೆ. ಕೊಳವೆ ಅಷ್ಟನ್ನು ಚೆನ್ನಾಗಿ ಹೇಳುತ್ತದೆ. ಆದರೆ ಸಕ್ಕರೆ ಪಾಕ ಬೆರೆಸಿ ನೀರಿನಂಶ 18ಕ್ಕೆ ತಂದು ನಿಲ್ಲಿಸಿದರೆ ಗೆರೆ ಅಪ್ಪಟ ಜೇನಿನ ಜಾಗದಲ್ಲೇ ನಿಲ್ಲುತ್ತದೆ. ಬಯಲು ಮಾಡಲು ಪ್ರಯೋಗಾಲಯದ ಪರೀಕ್ಷೆ ಬೇಕು, ಅದರ ಖರ್ಚು ನೀವು ಕೊಡಿ ಎಂದೆ. ಆ ಕಡೆಯಿಂದ ಮತ್ತೆ ಕರೆ ಬರಲಿಲ್ಲ. ಬರೆಯಲು ಒಪ್ಪಿದ್ದರೆ ಆ ತಿಂಗಳ ಬಾಡಿಗೆ ಹುಟ್ಟುತ್ತಿತ್ತು ಎಂಬ ಲೆಕ್ಕ ಈಗಲೂ ಆಗಾಗ ಹಾಕುತ್ತೇನೆ.

ಹಾಗೆಯೇ, ಬ್ರಿಕ್ಸ್ ಹೆಚ್ಚಿದ್ದರೆ ತರಕಾರಿಯಲ್ಲಿ ಪೋಷಕಾಂಶವೂ ಹೆಚ್ಚು, ಗಿಡಕ್ಕೆ ಹುಳವೇ ಹತ್ತುವುದಿಲ್ಲ ಎಂಬ ಮಾತು ಕೆಲವು ಸಾವಯವ ಕೃಷಿಕರ ನಡುವೆ ಓಡಾಡುತ್ತದೆ. ಅಮೆರಿಕದ ಕ್ಯಾರಿ ರೀಮ್ಸ್ ಎಂಬುವವರು ಹಬ್ಬಿಸಿದ, ಹಣ್ಣು ತರಕಾರಿಗಳಿಗೆಲ್ಲ ‘ಕಳಪೆ’ಯಿಂದ ‘ಅತ್ಯುತ್ತಮ’ದವರೆಗೆ ಅಂಕ ಕೊಡುವ ಪಟ್ಟಿಯೊಂದು ಇದರ ಬೆನ್ನಿಗಿದೆ. ನಾನೂ ಒಮ್ಮೆ ಆ ಪಟ್ಟಿ ಚೀಲದಲ್ಲಿಟ್ಟುಕೊಂಡು ತಿರುಗಿದ್ದೆ. ಬಾಡಿದ ಸೊಪ್ಪಿನ ರಸ ತಾಜಾ ಸೊಪ್ಪಿನದಕ್ಕಿಂತ ಹೆಚ್ಚು ಅಂಕಿ ತೋರಿಸಿದ ದಿನ ಪಟ್ಟಿ ಮಡಚಿಟ್ಟೆ. ನೀರು ಆರಿದರೆ ಉಳಿದದ್ದು ಗಟ್ಟಿಯಾಗಿ ಕಾಣುತ್ತದೆ, ಅಷ್ಟೇ. ಈ ವಿಷಯದಲ್ಲಿ ಕೆಲವರು ನನ್ನ ಮೇಲೆ ಬೇಸರ ಮಾಡಿಕೊಂಡಿದ್ದಾರೆ.

ಡಿಜಿಟಲ್ ಮಾದರಿಯನ್ನು ಗೆಳೆಯರೊಬ್ಬರಿಂದ ತಂದು ಒಂದು ವಾರ ಬಳಸಿದೆ. ಕಣ್ಣು ಕಿರಿದು ಮಾಡಬೇಕಿಲ್ಲ, ಅಂಕಿ ಪರದೆಯಲ್ಲೇ ಮೂಡುತ್ತದೆ, ಫೋಟೊ ತೆಗೆಯಲು ಬಹಳ ಅನುಕೂಲ. ಕೊಳವೆಯ ಕಣ್ಣಿಗೆ ಫೋನಿನ ಕ್ಯಾಮೆರಾ ಒತ್ತಿ ಹಿಡಿದು, ಗೆರೆ ಅಲುಗಾಡದಂತೆ ಉಸಿರು ಬಿಗಿಹಿಡಿದು ತೆಗೆಯುವ ಸರ್ಕಸ್ ಮಾಡಿದವರಿಗೆ ಇದರ ಬೆಲೆ ಗೊತ್ತು; ಸತ್ಯಾಂಶ ನೋಡುವ ಡೆಸ್ಕಿನವರು ಈಗೀಗ ಆ ಫೋಟೊ ಕೇಳುತ್ತಾರೆ. ಆದರೆ ಬೆಲೆ ಹಲವು ಪಟ್ಟು, ತೆರೆದ ಬಿಸಿಲಿನಲ್ಲಿ ಅಂಗೈ ಅಡ್ಡ ಹಿಡಿಯದಿದ್ದರೆ ತಪ್ಪುತ್ತದೆ, ಬ್ಯಾಟರಿ ಮುಗಿಯುವುದು ಊರಿನಿಂದ ದೂರ ಹೋದಾಗಲೇ. ನನಗೆ ಕೊಳವೆಯೇ ಸಾಕು. ಹಣ್ಣು, ಕಬ್ಬು, ರಸದ ಬಗ್ಗೆ ವರ್ಷಕ್ಕೆ ನಾಲ್ಕೈದು ಲೇಖನ ಬರೆಯುವವರು ಕೊಳ್ಳಬಹುದು. ಹೋಟೆಲು, ಅಡುಗೆ ಇಷ್ಟನ್ನೇ ಬರೆಯುವವರಿಗೆ ಇದು ಬೇಡ. ಆ ಹಣದಲ್ಲಿ ಒಳ್ಳೆಯ ಧ್ವನಿಮುದ್ರಕ ಕೊಳ್ಳಿ.

ಒಂದು ಮಾತು ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಇರುವುದಿಲ್ಲ. ಚೀಲದಿಂದ ಕೊಳವೆ ತೆಗೆದ ಕ್ಷಣ ಕೆಲವು ಬೆಳೆಗಾರರ ಮುಖ ಬದಲಾಗುತ್ತದೆ. ದ್ರಾಕ್ಷಿ ತೋಟದ ಅಕ್ಕ ಒಬ್ಬರು ಅಲ್ಲಿಯವರೆಗೆ ನಗುನಗುತ್ತ ಮಾತಾಡುತ್ತಿದ್ದವರು, ‘ನೀವೂ ಅದನ್ನೇ ತಂದ್ರಾ?’ ಎಂದು ಸುಮ್ಮನಾದರು. ಕೊಳ್ಳುವವರು ಬ್ರಿಕ್ಸ್ ನೋಡಿ ಬೆಲೆ ಕಟ್ಟುತ್ತಾರೆ. ಹೋದ ಸಲ ಲಾರಿಯ ಪಕ್ಕ ನಿಂತು, ಒಂದು ಗೊಂಚಲು ಎತ್ತಿ, ತುದಿಯ ಎರಡು ಹಣ್ಣು ಹಿಂಡಿ, ‘ಸಕ್ಕರೆ ಬಂದಿಲ್ಲ’ ಎಂದು ಇಡೀ ಲೋಡಿನ ಬೆಲೆ ಇಳಿಸಿದ್ದರಂತೆ. ಕೊಳವೆಯೊಳಗೆ ಏನು ಕಂಡಿತು ಎಂದು ಆಕೆಗೆ ತೋರಿಸಿರಲಿಲ್ಲ. ನಾನು ಕೊಳವೆಯನ್ನು ಆಕೆಯ ಕೈಗೆ ಕೊಟ್ಟು, ಮೊದಲು ನೀವೇ ನೋಡಿ ಎಂದೆ. ಒಂದೇ ಗೊಂಚಲಿನ ಭುಜದ ಹಣ್ಣು, ನಡುವಿನದು, ತುದಿಯದು ಮೂರನ್ನೂ ನೋಡಿದರು. ಭುಜದಲ್ಲಿ 18, ತುದಿಯಲ್ಲಿ 15. ಕೊಳವೆಯಿಂದ ಕಣ್ಣು ತೆಗೆಯದೆ, ‘ಓಹೋ’ ಅಂದರು. ಮತ್ತೊಂದು ಗೊಂಚಲು ಕಿತ್ತರು.

ಹೊರಡುವಾಗ ಅದನ್ನು ಎರಡು ವಾರ ಇಟ್ಟುಕೊಳ್ಳಲೇ ಎಂದು ಕೇಳಿದರು. ಕೊಡಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ, ಕೊಟ್ಟುಬಿಟ್ಟ ಮೇಲೆ. ಯಾರ ಬಗ್ಗೆ ಬರೆಯುತ್ತೇವೋ ಅವರಿಂದ ಒಂದು ಬುಟ್ಟಿ ಹಣ್ಣನ್ನೂ ತರುವುದಿಲ್ಲ ಎಂಬ ನೇಮ ನನ್ನದು. ಅವರಿಗೆ ಕೊಡುವುದರ ಬಗ್ಗೆ ನೇಮ ಮಾಡಿಕೊಂಡಿರಲಿಲ್ಲ. ಉಪಸಂಪಾದಕಿಗೆ ಹೇಳಿದೆ. ಲೇಖನದಲ್ಲಿ ಅದನ್ನು ಬರೆದುಬಿಡಿ ಎಂದರು, ಬರೆದೆ.

ಎರಡು ವಾರದ ಮೇಲೆ ಹೋದಾಗ ಆಕೆ ಒಂದು ನೋಟ್‌ಬುಕ್ಕು ಮುಂದಿಟ್ಟರು. ತಾರೀಖು, ಸಾಲು, ಬಿಸಿಲ ಕಡೆಯದೋ ನೆರಳ ಕಡೆಯದೋ, ಭುಜ, ನಡು, ತುದಿ. ಮಳೆ ಬಂದ ದಿನದ ಮುಂದೆ ಒಂದು ಸುತ್ತು. ಮಳೆಯಾದ ಮೂರು ದಿನ ಎಲ್ಲ ಸಾಲಿನಲ್ಲೂ ಅಂಕಿ ಇಳಿದು, ಐದನೆಯ ದಿನದಿಂದ ನಿಧಾನವಾಗಿ ಏರಿತ್ತು. ಹೋದ ವರ್ಷ ಲಾರಿ ಬಂದದ್ದು ಮಳೆಯ ಮಾರನೆಯ ದಿನ ಎಂದು ಆಕೆಗೆ ಆಗ ನೆನಪಾಗಿತ್ತು. ನನಗೆ ಸಿಕ್ಕಿದ್ದ ಜಾಗ 900 ಪದ, ಆ ಪುಟಗಳಲ್ಲಿ ಕಾಲು ಭಾಗವೂ ಹಿಡಿಸಲಿಲ್ಲ. ಕೊಳವೆ ಅಲ್ಲೇ ಉಳಿಯಿತು. ಈಗ ನನ್ನ ಚೀಲದಲ್ಲಿರುವುದು ಎರಡನೆಯದು, ಗೀರಿಲ್ಲದ್ದು. ಅದರ ಹಣವೂ ಯಾವ ಪತ್ರಿಕೆಯಿಂದಲೂ ಬಂದಿಲ್ಲ.

ಆ ನೋಟ್‌ಬುಕ್ಕಿನ ಕೊನೆಯಲ್ಲಿ, ದ್ರಾಕ್ಷಿಯ ಲೆಕ್ಕವೆಲ್ಲ ಮುಗಿದ ಮೇಲೆ, ಒಂದು ತಾರೀಖಿನ ಮುಂದೆ ಹೀಗಿತ್ತು: ‘ಇರುವೆ ಹತ್ತಿತ್ತು. ತೊಳೆದೆ.’